ಬಳೆ ಎಂದರೆ ಬಾಗಿದ್ದು

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನಲ್ಲಿ ಸೂರ್ಯ ಬಳೆಯಾದ. ಗಂಟೆ ಒಂಬತ್ತು ದಾಟಿತ್ತು. ಅಣ್ಣನ ಮನೆಯ ಟೆರೇಸಿನಲ್ಲಿ ನಾವೆಲ್ಲ ಗ್ರಹಣದ ಕನ್ನಡಕ ಹಂಚಿಕೊಂಡು ನೋಡುತ್ತಿದ್ದೆವು. ಚಂದ್ರ ಭೂಮಿಯಿಂದ ತುಸು ದೂರದಲ್ಲಿದ್ದ ದಿನ ಅದು. ದೂರವಿದ್ದಾಗ ಚಿಕ್ಕದಾಗಿ ಕಾಣುತ್ತಾನೆ, ಹಾಗಾಗಿ ಸೂರ್ಯನನ್ನು ಪೂರ್ತಿ ಮುಚ್ಚಲಾಗದೆ ಸುತ್ತಲೂ ಬೆಂಕಿಯ ಅಂಚೊಂದನ್ನು ಬಿಟ್ಟಿದ್ದ. ಟಿವಿಯಲ್ಲಿ ‘ಕಂಕಣ ಸೂರ್ಯಗ್ರಹಣ’ ಎಂದು ಹತ್ತು ಸಲ ಕೇಳಿದ್ದ ಅಣ್ಣನ ಮಗಳು ಕನ್ನಡಕ ತೆಗೆಯದೆಯೇ ಕೇಳಿದಳು: “ಅತ್ತೆ, ಅದಕ್ಕೆ ಬಳೆ ಗ್ರಹಣ ಅಂತ ಹೇಳಿದ್ರೆ ಎಂತ?”

ಎಂತ ಎಂದು ನನಗೂ ಆಗ ಹೊಳೆಯಲಿಲ್ಲ. ಕಂಕಣ ಸಂಸ್ಕೃತ, ಬಳೆ ಕನ್ನಡ ಎಂದು ಹೇಳಿ ಜಾರಿಕೊಂಡೆ. ಅದು ಉತ್ತರವಲ್ಲ ಎಂಬುದು ಅವಳಿಗೂ ಗೊತ್ತಿತ್ತು. ನಿಜ ಹೇಳಬೇಕೆಂದರೆ, ಆಕಾಶದಲ್ಲಿ ಆ ಹೊತ್ತು ಕಂಡದ್ದಕ್ಕೆ ಕಂಕಣಕ್ಕಿಂತ ಬಳೆ ಎಂಬ ಹೆಸರೇ ಹೆಚ್ಚು ಒಪ್ಪುತ್ತಿತ್ತು. ಯಾಕೆಂದರೆ ಬಳೆ ಎಂಬ ಪದ ಹುಟ್ಟಿದ್ದೇ ಆಕಾರದಿಂದ. ಅದು ಒಡವೆಯ ಹೆಸರಾದದ್ದು ಆಮೇಲೆ.

ಬಳೆಯ ಹಿಂದೆ ಹೋಗಬೇಕಾದರೆ ಮೊದಲು ತಮಿಳಿನ ಕಡೆ ಒಮ್ಮೆ ಇಣುಕಬೇಕು. ತಮಿಳಿನಲ್ಲಿ ಬಳೆಗೆ ‘ವಳೈ’. ಅದೇ ಪದ ಅಲ್ಲಿ ಕ್ರಿಯಾಪದವೂ ಹೌದು: ವಳೈ ಎಂದರೆ ಬಾಗು, ಬಾಗಿಸು, ಸುತ್ತುವರಿ. ಬಿಲ್ಲು ವಳೈಯುತ್ತದೆ, ದಾರಿ ವಳೈಯುತ್ತದೆ, ಹಾಗೆಯೇ ಬಾಗಿಸಿ ತುದಿ ಮುಟ್ಟಿಸಿದ್ದು ಕೈಗೆ ಬರುತ್ತದೆ. ನಮ್ಮ ಬಳೆಯೂ ಇದೇ ಬೇರಿನದು. ‘ವ’ ಇರುವಲ್ಲಿ ‘ಬ’ ಹೇಗೆ ಬಂತೆಂದು ಸಂಶಯವಾದರೆ ಉಡುಪಿಯ ರಥಬೀದಿಯಲ್ಲಿ ನಿಂತುಕೊಳ್ಳಿ. ಆ ‘ಬೀದಿ’ಗೆ ತಮಿಳಿನಲ್ಲಿ ‘ವೀದಿ’. ಅವರ ವಾಯ್ ನಮಗೆ ಬಾಯಿ, ವಿಲ್ ಬಿಲ್ಲು, ವೇರ್ ಬೇರು. ಪದದ ಮೊದಲಿಗಿದ್ದ ಹಳೆಯ ವಕಾರ ಕನ್ನಡದಲ್ಲಿ ಬಕಾರವಾಯಿತು, ತುಳುವಿನಲ್ಲೂ ಆಯಿತು. ಪದದ ಕೊನೆಯಲ್ಲೂ ಹೀಗೆಯೇ ಒಂದು ಲೆಕ್ಕವಿದೆ. ತಮಿಳಿನ ತಲೈ, ಮಲೈ, ಇಲೈಗಳು ಕನ್ನಡದಲ್ಲಿ ತಲೆ, ಮಲೆ, ಎಲೆ. ಹಾಗಾದ ಮೇಲೆ ವಳೈ ಬಳೆಯಾಗದೆ ಇನ್ನೇನಾದೀತು? ತಲಪಾಡಿ ದಾಟಿ ಕೇರಳದೊಳಗೆ ಹೋದರೆ ಅದೇ ಪದ ‘ವಳ’. ಅಲ್ಲಿ ತಲೆಯೂ ತಲ, ಎಲೆಯೂ ಇಲ.

ಇಷ್ಟು ಹೇಳಿದ ಕೂಡಲೇ ‘ಹಾಗಾದರೆ ಬಳೆ ತಮಿಳಿನಿಂದ ಬಂದದ್ದೋ’ ಎಂದು ಕೆಲವರು ಸಿಟ್ಟಾಗುತ್ತಾರೆ, ಇನ್ನು ಕೆಲವರು ಹಿಗ್ಗುತ್ತಾರೆ. ಎರಡೂ ಬೇಡ. ಒಂದೇ ಮನೆಯಿಂದ ಪಾಲಾಗಿ ಹೋದ ಅಕ್ಕತಂಗಿಯರಲ್ಲಿ ಒಬ್ಬಳು ಅಜ್ಜಿಯ ಮೂಗುತಿಯನ್ನು ಹಾಗೆಯೇ ಇಟ್ಟುಕೊಂಡಳು, ಇನ್ನೊಬ್ಬಳು ಕರಗಿಸಿ ಹೊಸ ಮಾದರಿಯಲ್ಲಿ ಮಾಡಿಸಿಕೊಂಡಳು. ಹಳೆಯ ವಕಾರವನ್ನು ತಮಿಳು ಉಳಿಸಿಕೊಂಡಿತು, ಕನ್ನಡ ಬದಲಿಸಿತು, ಅಷ್ಟೇ. ಚಿನ್ನ ಮಾತ್ರ ಇಬ್ಬರಿಗೂ ಸೇರಿದ ಅಜ್ಜಿಯದ್ದು.

ತಮಿಳಿನಲ್ಲಿ ವಳೈ ಎಂದರೆ ಶಂಖವೂ ಹೌದು. ಇದು ಮೊದಲಿಗೆ ವಿಚಿತ್ರವಾಗಿ ಕಾಣುತ್ತದೆ. ಶಂಖವನ್ನು ಅಡ್ಡಕ್ಕೆ ಕೊಯ್ದರೆ ಏನು ಸಿಗುತ್ತದೆ ಎಂದು ಯೋಚಿಸಿದರೆ ಗುಟ್ಟು ಬಯಲಾಗುತ್ತದೆ: ಒಂದು ಉಂಗುರ. ಮರವನ್ನು ಬಾಗಿಸಬೇಕು, ಲೋಹವನ್ನು ಬಡಿಯಬೇಕು, ಶಂಖದಲ್ಲಿ ಬಳೆ ಮೊದಲೇ ಇರುತ್ತದೆ, ಕೊಯ್ದು ತೆಗೆದರಾಯಿತು. ಸಿಂಧೂ ಕಣಿವೆಯ ಜನ ಬಳೆ ಮಾಡುತ್ತಿದ್ದದ್ದು ಹೀಗೆಯೇ. ಗುಜರಾತಿನ ನಾಗೇಶ್ವರದಲ್ಲಿ ಅಂಥ ಶಂಖದ ಕೆಲಸದ ಕುರುಹುಗಳು ಸಿಕ್ಕಿವೆ. ಮೊಹೆಂಜೊದಾರೋದ ಕಂಚಿನ ನರ್ತಕಿಯನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ್ದೇವೆ. ಹತ್ತು ಸೆಂಟಿಮೀಟರಿಗೆ ತುಸು ಮೇಲಿನ ಎತ್ತರದ ಆ ಹುಡುಗಿಯ ಎಡಗೈ ಭುಜದ ತನಕ ಬಳೆಗಳಿಂದ ತುಂಬಿದೆ, ಬಲಗೈಯಲ್ಲಿ ನಾಲ್ಕೇ ನಾಲ್ಕು. ಬಂಗಾಳದ ಮುತ್ತೈದೆಯರು ಇವತ್ತಿಗೂ ಶಂಖದ ಬಿಳಿ ಬಳೆ ತೊಡುತ್ತಾರೆ.

ಕನ್ನಡದೊಳಗೆ ಬಳೆಗೆ ನೆಂಟರು ಯಾರು? ‘ಬಳಸು’ ಎಂಬ ಪದ ನೋಡಿ. ಈಗ ಅದಕ್ಕೆ ಉಪಯೋಗಿಸು ಎಂಬ ಅರ್ಥವೇ ಮುಂದೆ ಬಂದಿದೆ. ಆದರೆ ‘ಬಳಸುದಾರಿ’ ಎಂದಾಗ ಅದು ಸುತ್ತಿಕೊಂಡು ಹೋಗುವ ದಾರಿ. ‘ತೋಳಿನಿಂದ ಬಳಸಿದಳು’ ಎಂದಾಗ ತೋಳೇ ಒಂದು ದೊಡ್ಡ ಬಳೆ. ಮುಚ್ಚುಮರೆಯಿಲ್ಲದೆ ಹೇಳುವವನನ್ನು ‘ಸುತ್ತಿ ಬಳಸಿ ಮಾತಾಡುವವನಲ್ಲ’ ಎನ್ನುತ್ತೇವೆ. ಬಾಗಿ ಸುತ್ತುವ ಹಳೆಯ ಅರ್ಥ ಇಲ್ಲೆಲ್ಲ ಇನ್ನೂ ಉಸಿರಾಡುತ್ತಿದೆ.

ನನಗೆ ಎಲ್ಲಕ್ಕಿಂತ ಇಷ್ಟದ ಸಾಕ್ಷಿ ಅಡುಗೆಮನೆಯಲ್ಲಿದೆ. ಕೋಡುಬಳೆ. ಹಿಟ್ಟನ್ನು ಅಂಗೈಯಡಿ ಕೋಡಿನಂತೆ ಹೊಸೆದು, ಬಳೆಯಂತೆ ಬಾಗಿಸಿ, ತುದಿಗೆ ತುದಿ ಒತ್ತುವುದು. ಯಾವ ಹೆಂಗಸೂ ಅದನ್ನು ಕೈಗೆ ತೊಡುವುದಿಲ್ಲ (ಮಕ್ಕಳು ಬೆರಳಿಗೆ ತೂರಿಸಿಕೊಳ್ಳುವುದನ್ನು ಬಿಟ್ಟರೆ). ಆದರೂ ಅದು ಬಳೆ. ಅಂದರೆ ಕನ್ನಡದ ಕಿವಿಗೆ ಬಳೆ ಎಂದರೆ ಮೊದಲು ದುಂಡಗೆ ಬಾಗಿದ್ದು; ಅದು ಬಂಗಾರದ್ದೋ, ಗಾಜಿನದ್ದೋ, ಅಕ್ಕಿಹಿಟ್ಟಿನದ್ದೋ ಎಂಬುದು ನಂತರದ ಮಾತು.

ಸಂಸ್ಕೃತದಲ್ಲೂ ಇದರ ಮುಖವನ್ನೇ ಹೋಲುವ ಪದವೊಂದಿದೆ: ವಲಯ. ವೃತ್ತ ಎಂಬುದೂ ಅದರ ಅರ್ಥ, ಬಳೆ ಎಂಬುದೂ. ತಿರುಗು, ಹೊರಳು ಎಂಬರ್ಥದ ಸಂಸ್ಕೃತದ್ದೇ ‘ವಲ್’ ಧಾತುವಿನಿಂದ ಅದು ಬಂತೆನ್ನುವವರಿದ್ದಾರೆ. ದ್ರಾವಿಡ ಭಾಷೆಯ ವಳೈಯೇ ಸಂಸ್ಕೃತಕ್ಕೆ ಹೋಗಿ ವಲಯವಾಯಿತೆನ್ನುವ ಭಾಷಾವಿಜ್ಞಾನಿಗಳೂ ಇದ್ದಾರೆ. ಆ ವ್ಯಾಜ್ಯ ಹಾಗಿರಲಿ. ನನಗೆ ತಮಾಷೆಯೆನಿಸುವುದು ಕನ್ನಡದಲ್ಲಿ ಅದು ಎಲ್ಲಿಗೆ ಹೋಗಿ ಕುಳಿತಿದೆ ಎಂಬುದು. ಹೆಂಗಸರ ಕೈಯಿಂದ ಇಳಿದು ಸರಕಾರಿ ಕಚೇರಿಯ ಬೋರ್ಡು ಹತ್ತಿದೆ. ವಲಯ ಅರಣ್ಯಾಧಿಕಾರಿ, ಮಂಗಳೂರು ವಿಶೇಷ ಆರ್ಥಿಕ ವಲಯ. ಸಮುದ್ರದ ಹತ್ತಿರ ಮನೆ ಕಟ್ಟಹೊರಟವರ ನಿದ್ದೆ ಕೆಡಿಸುವ ಕರಾವಳಿ ನಿಯಂತ್ರಣ ವಲಯ. ಸುತ್ತ ಗೆರೆ ಎಳೆದು ‘ಇದರೊಳಗೆ’ ಎಂದು ಗುರುತಿಸಿದ ಜಾಗವೆಲ್ಲ ವಲಯವೇ. ಅರ್ಥ ನೋಡಿದರೆ ಅರಣ್ಯಾಧಿಕಾರಿಯ ಹೆಸರಿನೊಳಗೊಂದು ಬಳೆ ಇದೆ.

ಇನ್ನು ಕಂಕಣ. ಇದು ಹುಟ್ಟಿದ ಬಗೆಯೇ ಬೇರೆ. ಆಕಾರ ನೋಡಿ ಇಟ್ಟ ಹೆಸರಲ್ಲ, ಕಿವಿಗೆ ಬಿದ್ದ ದನಿ ಹಿಡಿದು ಕಟ್ಟಿದ ಪದವೆಂಬುದೇ ಹೆಚ್ಚಿನವರ ತಿಳಿವಳಿಕೆ. ಚಿಕ್ಕ ಗೆಜ್ಜೆಗೆ ಕಿಂಕಿಣಿ ಎನ್ನುವ ಹಾಗೆಯೇ ಇದೂ. ಹೀಗೆ ಹೆಸರಿಡುವುದು ನಮ್ಮ ಕಡೆಯವರಿಗೆ ಹೊಸತಲ್ಲ. ಕೋಲದಲ್ಲಿ ದೈವದ ಪಾತ್ರಿ ಕಾಲಿಗೆ ಏರಿಸುವ ಲೋಹದ ಬಳೆಗೆ ಗಗ್ಗರ ಎನ್ನುತ್ತೇವಲ್ಲ, ಗದ್ದೆಯಾಚೆಯ ಮನೆಯಲ್ಲಿ ಮಲಗಿದವರಿಗೂ ಆ ಹೆಸರು ಕೇಳಿಸುತ್ತದೆ.

ಕಂಕಣಕ್ಕೆ ಆಮೇಲೊಂದು ತಿರುವು ಬಂತು. ಮದುವೆಯಲ್ಲಿ ಅರಸಿನ ಕೊಂಬು ಕಟ್ಟಿದ ದಾರವೂ ಕಂಕಣ. ಅದು ಸದ್ದು ಮಾಡುವುದೇ ಇಲ್ಲ. ಸದ್ದಿನಿಂದ ಹುಟ್ಟಿದ ಪದ ಸದ್ದಿಲ್ಲದ ನೂಲಿಗೆ ಹೋಗಿ ಕಟ್ಟಿಕೊಂಡಿತು. ಇಲ್ಲಿ ಮುಖ್ಯವಾದದ್ದು ಒಡವೆಯಲ್ಲ, ಕಟ್ಟು. ಹಿಡಿದ ಕರ್ಮ ಮುಗಿಯುವ ತನಕ ಅದನ್ನು ಬಿಚ್ಚುವಂತಿಲ್ಲ. ಮದುಮಗನಿಗೂ ಹಾಗೆಯೇ, ವ್ರತಕ್ಕೆ ಕೂತವರಿಗೂ ಹಾಗೆಯೇ. ‘ಕಂಕಣ ತೊಟ್ಟು ನಿಂತರು’, ‘ಕಂಕಣಬದ್ಧರು’ ಎಂಬ ಮಾತುಗಳು ಬಂದದ್ದು ಇಲ್ಲಿಂದ. ಈಗ ಅಭಿವೃದ್ಧಿಗೆ ಕಂಕಣಬದ್ಧರಾಗದ ಜನಪ್ರತಿನಿಧಿಯ ಹೆಸರನ್ನು ಪತ್ರಿಕೆಯಲ್ಲಿ ಹುಡುಕಬೇಕಾಗಿದೆ. ಕರ್ಮ ಮುಗಿಯುವ ಮೊದಲು ಬಿಚ್ಚಬಾರದೆಂಬ ನಿಯಮವನ್ನು ಮಾತ್ರ ಯಾರೂ ನೆನಪಿಟ್ಟುಕೊಂಡ ಹಾಗಿಲ್ಲ. ಮದುವೆಯ ಯೋಗಕ್ಕೆ ಕಂಕಣಭಾಗ್ಯ ಎನ್ನುವುದೂ ಈ ನೂಲಿನಿಂದಲೇ, ಬಂಗಾರದ ಬಳೆಯಿಂದಲ್ಲ.

ಹಾಗಾಗಿ ಗ್ರಹಣಕ್ಕೆ ಕಂಕಣ ಎಂದದ್ದು ಸಂಸ್ಕೃತದ ಗಾಂಭೀರ್ಯ ಬೇಕೆನಿಸಿದ್ದರಿಂದ ಇರಬೇಕು. ಪಂಚಾಂಗದ ಮಾತಿಗೆ ಬಳೆ ತೀರಾ ಮನೆಮಾತಾಯಿತು. ಅಣ್ಣನ ಮಗಳ ಹೆಸರೇ ನನಗೆ ಹೆಚ್ಚು ಹಿಡಿಸುತ್ತದೆ.

ಕಡಗ ಮೂರನೆಯದು. ಸಂಸ್ಕೃತದ ‘ಕಟಕ’ ಪ್ರಾಕೃತದಲ್ಲಿ ಮೆತ್ತಗಾಗಿ, ಟಕಾರ ಡಕಾರವಾಗಿ, ಕಕಾರ ಗಕಾರವಾಗಿ ಕಡಗವಾಯಿತು. ಕಟಕ ಎಂದರೆ ಬಳೆ, ಬೆಟ್ಟದ ಮಗ್ಗುಲು, ಸೈನ್ಯದ ಬೀಡು ಎಲ್ಲವೂ. ಒಡಿಶಾದ ಕಟಕ್ ನಗರದ ಹೆಸರು ಆ ಬೀಡಿನದು. ಕೈಯನ್ನು ಸುತ್ತುವುದಕ್ಕೂ ಅರಸನ ಡೇರೆಯನ್ನು ಸುತ್ತುವುದಕ್ಕೂ ಒಂದೇ ಪದ ಸಾಕಾಯಿತು. ತೋಳಿನ ವಂಕಿಯೂ ‘ವಂಕ’, ಅಂದರೆ ಡೊಂಕು. ನಾಗಮುರಿಗೆಯಲ್ಲಿ ಇರುವುದು ಮುರಿ, ಎಂದರೆ ತಿರುಚು. ಒಡವೆಯ ಪೆಟ್ಟಿಗೆ ತೆರೆದರೆ ಅರ್ಧದಷ್ಟು ಹೆಸರುಗಳು ಬಾಗಿದ್ದು, ತಿರುಚಿದ್ದು, ಸುತ್ತಿದ್ದು ಎಂಬುದರ ಸುತ್ತಲೇ ಇವೆ.

ಹೊರಗಿರುವುದು ತುಳುವಿನ ‘ಕಾಜಿ’. ಗಾಜಿನ ಬಳೆಗೆ ನಮ್ಮ ಕಡೆ ಹೆಂಗಸರು ಹೇಳುವ ಪದ ಇದೇ. ಸಂಸ್ಕೃತದ ‘ಕಾಚ’ ಎಂದರೆ ಗಾಜು. ಕನ್ನಡದ ಗಾಜು, ತುಳುವಿನ ಕಾಜಿ ಎರಡೂ ಅಲ್ಲಿಂದ. ತೆಲುಗಿನಲ್ಲೂ ಹೀಗೆಯೇ, ‘ಗಾಜು’ ಎಂದರೆ ಗಾಜೂ ಹೌದು, ಬಳೆಯೂ ಹೌದು. ಇಲ್ಲಿ ಹೆಸರು ಆಕಾರದ್ದಲ್ಲ, ಸದ್ದಿನದ್ದೂ ಅಲ್ಲ, ಮಾಡಿದ ವಸ್ತುವಿನದ್ದು. ಮಂಗಳೂರಿನ ರಥಬೀದಿಯ ಬಳೆ ಅಂಗಡಿಯಲ್ಲಿ ಹಬ್ಬದ ಮುಂಚಿನ ಸಂಜೆ ನಿಂತರೆ ಒಬ್ಬಾಕೆ ಕಾಜಿ ಕೇಳುತ್ತಾಳೆ, ಪಕ್ಕದವಳು ಕೊಂಕಣಿಯಲ್ಲಿ ಕಾಂಕಣ ಕೇಳುತ್ತಾಳೆ, ಮತ್ತೊಬ್ಬಳು ಬಳೆ ಕೇಳುತ್ತಾಳೆ. ಅಂಗಡಿಯವರು ತಲೆ ಎತ್ತದೆ ಮೂವರಿಗೂ ಒಂದೇ ಡಬ್ಬಿಯಿಂದ ತೆಗೆದುಕೊಡುತ್ತಾರೆ.

ಇಂಥ ಊರಿನಲ್ಲಿ ನಿಘಂಟುಗಳು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಮ್ಯಾನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಹೊರಬಂದವು. ನೂರು ವರ್ಷದ ಮೇಲೆ ಉಡುಪಿಯಲ್ಲಿ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂತು. ಪದದ ಹುಚ್ಚಿರುವವರಿಗೆ ನಮ್ಮ ಜಿಲ್ಲೆಗಳೇ ತವರು.

ಹೀಗೆ ಭಾಷೆಗಳು ಒತ್ತೊತ್ತಾಗಿ ಇರುವಲ್ಲಿ ಮೋಸಗೊಳಿಸುವ ಜೋಡಿಗಳೂ ಹೆಚ್ಚು. ಬಳೆ, ಬಲೆ. ತುಳು ಮಾತಾಡುವ ಹಲವರ ಬಾಯಲ್ಲಿ ಳಕಾರ ಲಕಾರವಾಗುವುದರಿಂದ ಮಲ್ಪೆಯ ಬಂದರಿನಲ್ಲಿ ಬಲೆ ಎಂದರೆ ಮೀನಿನದ್ದೋ ಕೈಯದ್ದೋ ಎಂದು ಸಂದರ್ಭ ನೋಡಿಯೇ ತಿಳಿಯಬೇಕು. ಎರಡೂ ಸಿಕ್ಕಿಸುವ ವಸ್ತುಗಳೇ ಎಂದು ಕುಹಕ ಆಡುವವರಿದ್ದಾರೆ. ಆದರೆ ಪದಗಳು ಬೇರೆಯೇ. ತಮಿಳಿನಲ್ಲೂ ಮೀನಿನ ಬಲೆ ಲಕಾರದ ‘ವಲೈ’, ಕೈಯದ್ದು ಳಕಾರದ ‘ವಳೈ’. ಮರಾಠಿಯಲ್ಲಿ ಬಳೆಗೆ ‘ಬಾಂಗಡಿ’. ಇಂಗ್ಲಿಷಿನ ‘ಬ್ಯಾಂಗಲ್’ ಎಂಬುದು ಇದರದ್ದೇ ಹಿಂದಿ ರೂಪ ‘ಬಂಗಡಿ’ಯಿಂದ ಹೋದದ್ದು. ಅದೇ ಮರಾಠಿಯಲ್ಲಿ ‘ಬಾಂಗಡಾ’ ಎಂದರೆ ನಮ್ಮ ಬಂಗುಡೆ ಮೀನು! ಮುಂಬಯಿಯಲ್ಲಿ ಸಂಸಾರ ಹೂಡಿದ ಮಂಗಳೂರಿನವರು ಈ ಕೊನೆಯ ಸ್ವರ ತಪ್ಪದಂತೆ ಎಚ್ಚರ ವಹಿಸಬೇಕು. ಇನ್ನೊಂದು: ಶ್ರಾವಣದಲ್ಲಿ ಕೊಂಕಣಿ ಮನೆಗಳಲ್ಲಿ ನಡೆಯುವ ಚೂಡಿ ಪೂಜೆಗೆ ಹಿಂದಿಯ ‘ಚೂಡಿ’ ಬಳೆಯೊಡನೆ ಗಂಟು ಹಾಕುವ ಹೊರಗಿನವರನ್ನು ನೋಡಿದ್ದೇನೆ. ಇಲ್ಲಿ ಚೂಡಿ ಎಂದರೆ ಹೂವು, ಗರಿಕೆಗಳ ಪುಟ್ಟ ಕಟ್ಟು.

ಹಳಗನ್ನಡ ಓದುವವರಿಗೆ ಇನ್ನೊಂದು ಎಡವು ಇದೆ. ಅಲ್ಲಿ ‘ಬಳೆ’ ಕ್ರಿಯಾಪದವಾಗಿ ಬಂದರೆ ಬೆಳೆ, ದೊಡ್ಡದಾಗು ಎಂದರ್ಥ. ಇದು ತಮಿಳಿನ ‘ವಳರ್’ ಜೊತೆ ಹೋಗುವ ಪದ, ಕೈಬಳೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ನನ್ನ ಅಜ್ಜಿಯ ಮಾತು ನೆನಪಾಗುತ್ತದೆ. ಗಾಜಿನ ಬಳೆ ಒಡೆದರೆ ‘ಒಡೆಯಿತು’ ಎನ್ನಲು ಬಿಡುತ್ತಿರಲಿಲ್ಲ, ‘ಬಳೆ ಹೆಚ್ಚಿತು’ ಎನ್ನಬೇಕು. ಒಡೆಯುವುದು ವೈಧವ್ಯದ ಮಾತಾದ್ದರಿಂದ ಬಾಯಿಗೆ ತರಬಾರದು. ಮರಾಠಿಯವರೂ ಬಾಂಗಡಿ ‘ವಾಢಲೀ’ ಎನ್ನುತ್ತಾರೆ, ಬೆಳೆಯಿತು ಎಂದು. ಚೂರಾದದ್ದನ್ನು ಹೆಚ್ಚಿದ್ದು ಎನ್ನುವ ಆ ಮಾತಿನಲ್ಲಿ ಎಷ್ಟು ಹೆದರಿಕೆ ಅಡಗಿತ್ತೆಂಬುದು ಸಣ್ಣವಳಾಗಿದ್ದಾಗ ನನಗೆ ಅರ್ಥವಾಗಿರಲಿಲ್ಲ. ಚೂರುಗಳನ್ನು ಹೆಕ್ಕಿ ಬೆಂಕಿಪೊಟ್ಟಣದಲ್ಲಿ ಕೂಡಿಡುವುದೇ ಆಗ ದೊಡ್ಡ ಸಂಗತಿ.

ಇದರ ಇನ್ನೊಂದು ತುದಿಗೆ ‘ನಾವೇನು ಕೈಗೆ ಬಳೆ ತೊಟ್ಟುಕೊಂಡಿಲ್ಲ’ ಎಂಬ ಗಂಡಸರ ಬಡಾಯಿ ಇದೆ. ಬಳೆ ಎಂದರೆ ಹೇಡಿತನವೆಂದು ಯಾವಾಗ ನಿರ್ಧಾರವಾಯಿತೋ. ಕಾಳಿದಾಸನ ಮೇಘದೂತದ ಎರಡನೆಯ ಪದ್ಯದಲ್ಲಿ ವಿರಹದಿಂದ ಸೊರಗಿ ಮುಂಗೈಯಿಂದ ಬಂಗಾರದ ವಲಯ ಜಾರಿಬಿದ್ದದ್ದು ಯಕ್ಷನಿಗೆ, ಅವನ ಹೆಂಡತಿಗಲ್ಲ. ತಮಿಳಿನ ಸಂಗಂ ಕವಿಗಳು ನಾಯಕಿಯ ಕೈಯಿಂದ ವಳೈ ಜಾರಿಸುತ್ತಿದ್ದರು, ಕಾಳಿದಾಸ ಗಂಡಸಿನ ಕೈಯಿಂದ ಜಾರಿಸಿದ. ಯಕ್ಷಗಾನದ ಕರ್ಣನೂ ಅರ್ಜುನನೂ ತೋಳಕಟ್ಟು, ಕೈಕಟ್ಟು ಇಲ್ಲದೆ ರಂಗಕ್ಕೆ ಬರುವುದಿಲ್ಲ. ಬಡಾಯಿ ಕೊಚ್ಚುವವರು ವೇಷ ಕಟ್ಟುವ ಚೌಕಿಗೆ ಹೋಗಿ ಒಮ್ಮೆ ನೋಡಬಹುದು.

ಗಾದೆಯಲ್ಲೂ ಬಳೆ ಬಂದು ಹೋಗಿದೆ. ‘ಕೈಯ ಕಂಕಣ ನೋಡಲು ಕನ್ನಡಿ ಯಾಕೆ’ ಎಂಬುದು ಪ್ರಾಕೃತದ ಕಾಲದಿಂದ ಇರುವ ಮಾತು, ಹಿಂದಿಯಲ್ಲಿ ಈಗಲೂ ಇದೆ. ಕನ್ನಡದಲ್ಲಿ ನಾವು ಹೇಳುವುದು ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’. ಅವರ ಕೈಯಲ್ಲಿ ಒಡವೆ, ನಮ್ಮ ಕೈಯಲ್ಲಿ ಹುಣ್ಣು. ಗದ್ದೆ ಕೆಲಸದವರ ಭಾಷೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಈಗ ಅಂಗಡಿಗೆ ಮರಳೋಣ. ಬಳೆಯ ಅಳತೆ ಅನೇಕರಿಗೆ ಗೊಂದಲದ ವಿಷಯ. ಎರಡು-ನಾಲ್ಕು, ಎರಡು-ಆರು, ಎರಡು-ಎಂಟು, ಎರಡು-ಹತ್ತು. ಆನ್‌ಲೈನಿನಲ್ಲಿ ಇವನ್ನು 2.4, 2.6, 2.8, 2.10 ಎಂದು ಚುಕ್ಕಿ ಹಾಕಿ ಬರೆಯುತ್ತಾರೆ. ನಾನು ಮೊದಲ ಸಲ ತರಿಸುವಾಗ 2.10 ಎಂದರೆ 2.4ಕ್ಕಿಂತ ಚಿಕ್ಕದೆಂದು ಲೆಕ್ಕ ಹಾಕಿ ಮಗುವಿಗೆಂದು ತರಿಸಿದೆ. ಬಂದದ್ದು ನನ್ನ ಕೈಯಲ್ಲೂ ನಿಲ್ಲಲಿಲ್ಲ. ಅದು ದಶಮಾಂಶದ ಚುಕ್ಕಿಯೇ ಅಲ್ಲ. ಹಿಂದಿನ ಅಂಕಿ ಇಂಚು, ಮುಂದಿನದು ಇಂಚಿನ ಹದಿನಾರನೆಯ ಪಾಲು. ಹದಿನಾರಾಣೆಗೆ ಒಂದು ರೂಪಾಯಿ ಎಂದು ಎಣಿಸಿದವರಿಗೆ ಇದು ಸುಲಭ. ಎರಡು-ನಾಲ್ಕು ಎಂದರೆ ಎರಡೂ ಕಾಲು ಇಂಚು, ಒಳಗಿನ ಅಡ್ಡಳತೆ ಸುಮಾರು 57 ಮಿಲಿಮೀಟರ್. ಎರಡು-ಎಂಟು ಎಂದರೆ ಎರಡೂವರೆ ಇಂಚು, 63.5 ಮಿಲಿಮೀಟರ್. ಎರಡು-ಹತ್ತು ಅದಕ್ಕಿಂತ ದೊಡ್ಡದು, ಸುಮಾರು 67.

ಅಳೆಯಬೇಕಾದದ್ದು ಮಣಿಕಟ್ಟನ್ನಲ್ಲ. ಬಳೆಗೆ ಬಾಯಿಯಿಲ್ಲ, ಅದು ಕೈಯ ಗೆಣ್ಣು ದಾಟಿ ಬರಬೇಕು. ಹೆಬ್ಬೆರಳನ್ನು ಕಿರುಬೆರಳಿನ ಕಡೆ ಮಡಚಿ, ಕೈ ಕಿರಿದು ಮಾಡಿ, ಗೆಣ್ಣಿನ ಸುತ್ತ ನೂಲು ಸುತ್ತಿ ಅಳೆಯಿರಿ. 19 ಸೆಂಟಿಮೀಟರ್ ಬಂತೆನ್ನಿ, 3.14ರಿಂದ ಭಾಗಿಸಿದರೆ ಸುಮಾರು 60.5 ಮಿಲಿಮೀಟರ್. ನಿಮ್ಮದು ಎರಡು-ಆರು. ರಥಬೀದಿಯ ಅನುಭವಿಗಳು ನೂಲೂ ತೆಗೆಯುವುದಿಲ್ಲ, ಕೈ ಒಮ್ಮೆ ಅಮುಕಿ ನೋಡಿ ಡಬ್ಬಿ ಇಳಿಸುತ್ತಾರೆ.

ಗಾಜಿನ ಬಳೆಗಳಲ್ಲಿ ಹೆಚ್ಚಿನವು ಬರುವುದು ಉತ್ತರ ಪ್ರದೇಶದ ಫಿರೋಜಾಬಾದಿನಿಂದ. ಅಲ್ಲಿ ಒಂದೊಂದೇ ಬಳೆ ಮಾಡುವುದಿಲ್ಲ. ಕುಲುಮೆಯಿಂದ ಕರಗಿದ ಗಾಜನ್ನು ಎಳೆಯಾಗಿ ಎಳೆದು ತಿರುಗುವ ಕೋಲಿಗೆ ಸುತ್ತುತ್ತಾರೆ, ಸ್ಪ್ರಿಂಗಿನಂತೆ ಉದ್ದ ಸುರುಳಿಯಾಗುತ್ತದೆ. ಆಮೇಲೆ ಸುರುಳಿಯ ಉದ್ದಕ್ಕೆ ಗೀರು ಹಾಕಿ ಬಿಡಿಸಿದರೆ ಬಾಯಿ ತೆರೆದ ಉಂಗುರಗಳು ಸಿಗುತ್ತವೆ. ಸುರುಳಿಯಿಂದ ಬಂದ ಕಾರಣ ಎರಡು ತುದಿಗಳು ಮೇಲೆ ಕೆಳಗಾಗಿರುತ್ತವೆ. ಅವನ್ನು ಬೆಂಕಿಯಲ್ಲಿ ಕಾಯಿಸಿ ಸಮಮಾಡಿ, ಉರಿಯಲ್ಲಿ ತುದಿ ಕರಗಿಸಿ ಬೆಸೆಯುತ್ತಾರೆ. ಬಣ್ಣ, ಚಿನ್ನದ ಗೆರೆ ನಂತರ. ನಿಮ್ಮ ಕೈಯ ಸಾದಾ ಬಳೆಯೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಆ ಬೆಸುಗೆ ಸಣ್ಣ ಗಂಟಾಗಿ ಕಾಣುತ್ತದೆ, ಒಡೆಯುವಾಗ ಹೆಚ್ಚಾಗಿ ಅಲ್ಲಿಯೇ ಒಡೆಯುತ್ತದೆ. ಸಾವಿರಾರು ವರ್ಷದ ಹಿಂದೆ ‘ಬಾಗು’ ಎಂದು ಹೆಸರಿಟ್ಟವರು ಈ ಕುಲುಮೆ ನೋಡಿರಲಿಲ್ಲ, ಆದರೂ ಅಲ್ಲಿ ನಡೆಯುವುದು ಅವರು ಹೇಳಿದ್ದೇ.

ಈಚೆಗೆ ಅಂಗಡಿಗಳಲ್ಲಿ ಬಳೆಯ ಪಕ್ಕ ಬ್ರೇಸ್ಲೆಟ್ಟೂ ಬಂದು ಕುಳಿತಿದೆ. ಅದು ಫ್ರೆಂಚಿನಿಂದ ಬಂದ ಪದ, ಮೂಲದಲ್ಲಿರುವುದು ‘ತೋಳು’. ಎಲ್ಲಿ ತೊಡುತ್ತಾರೋ ಆ ಜಾಗದ ಹೆಸರು. ಹೇಗಿದೆ ಎಂದು ಅದು ಹೇಳುವುದಿಲ್ಲ. ಸರಪಳಿಯಾಗಿರಬಹುದು, ಪಟ್ಟಿಯಾಗಿರಬಹುದು, ಕೊಕ್ಕೆ ಹಾಕಿ ತೆಗೆಯುವಂಥದ್ದು. ಹಾಗಾಗಿ ಇದಕ್ಕೆ ಮಣಿಕಟ್ಟಿನ ಅಳತೆ ಸಾಕು, ಗೆಣ್ಣಿನ ಲೆಕ್ಕ ಬೇಡ. ಬಳೆಗೋ, ಬಾಗಿ ಕೂಡಿಕೊಳ್ಳುವುದೇ ಹೆಸರು.

ಇಷ್ಟನ್ನೂ ಕಳೆದ ಅಷ್ಟಮಿಗೆ ಕೋಡುಬಳೆ ಹೊಸೆಯುತ್ತ ಅಣ್ಣನ ಮಗಳಿಗೆ ಹೇಳಿದೆ, ಟೆರೇಸಿನ ಸಾಲ ತೀರಿಸಿದ ಹಾಗಾಗಲಿ ಎಂದು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಎಣ್ಣೆಯಲ್ಲಿ ತುದಿ ಬಿಟ್ಟುಕೊಂಡ ಒಂದು ಕೋಡುಬಳೆಯನ್ನು ತಟ್ಟೆಯಿಂದ ಎತ್ತಿ ನನ್ನ ಮುಂದೆ ಹಿಡಿದಳು.

“ಅತ್ತೆ, ಇದು ಬಳೆ ಅಲ್ಲ. ಬ್ರೇಸ್ಲೆಟ್.”